ಸಂರಕ್ಷಿತ ಗುತ್ತಿನ ಮನೆಯಲ್ಲಿ ಉಪಶಮನ ಚಿಕಿತ್ಸಾ ಕೇಂದ್ರ: ಹೊಸ್ತಿಲುಗಳನ್ನು ತೆಗೆಯಲೇಬೇಕೇ?

ಪ್ರಶ್ನೆ: ಕುಂಬಳೆ ಸೀಮೆಯವ

ಎಲ್ಲರಿಗೂ ನಮಸ್ಕಾರ. ಕಾಸರಗೋಡು ತಾಲೂಕಿನ ಒಳನಾಡಿನಲ್ಲಿರುವ ನಮ್ಮ ಕುಟುಂಬದ ಗುತ್ತಿನ ಮನೆಯ (ತುಳುನಾಡಿನ ಹಳೆಯ ಜಮೀನುದಾರ ಮನೆತನದ ದೊಡ್ಡ ಮನೆ) ವಿಷಯದಲ್ಲಿ ತಿಳಿದವರ ಅಭಿಪ್ರಾಯ ಬೇಕಾಗಿದೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ದಪ್ಪ ಗೋಡೆ, ಮರುವಾಯಿ ಚಿಪ್ಪಿನ ಸುಣ್ಣದ ಗಾರೆ, ಹಲಸು ಮತ್ತು ಕಿರಾಲುಬೋಗಿಯ ಮರಮಟ್ಟು, ನಡುವೆ ಆಕಾಶಕ್ಕೆ ತೆರೆದ ಒಳ ಅಂಗಳ, ಎದುರಿನಲ್ಲಿ ಚಾವಡಿ ಮತ್ತು ಉದ್ದನೆಯ ಜಗಲಿ, ಚಾವಡಿಯ ಪಕ್ಕದಲ್ಲಿ ದೈವದ ಕೋಣೆ, ಮೇಲೆ ಮರದ ಮುಚ್ಚಿಗೆಯ ಉಪ್ಪರಿಗೆ, ಇಷ್ಟು ಹೇಳಿದರೆ ನಮ್ಮ ಕಡೆಯವರಿಗೆ ಮನೆಯ ಚಿತ್ರ ಕಣ್ಣಿಗೆ ಬಂದೀತು. ಕೆಲವು ವರ್ಷಗಳ ಹಿಂದೆ ರಾಜ್ಯ ಪುರಾತತ್ವ ಇಲಾಖೆಯು ಇದನ್ನು ಸಂರಕ್ಷಿತ ಕಟ್ಟಡವೆಂದು ಘೋಷಿಸಿದೆ. ಕುಟುಂಬದ ಹಲವರು ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಲ್ಲಿದ್ದು, ವರ್ಷಕ್ಕೊಮ್ಮೆ ದೈವಗಳಿಗೆ ಸೇವೆ ಸಲ್ಲಿಸುವ ತಂಬಿಲದ ದಿನ ಮಾತ್ರ ಎಲ್ಲ ಬಾಗಿಲುಗಳೂ ತೆರೆಯುತ್ತವೆ. ಉಳಿದ ದಿನಗಳಲ್ಲಿ ಬಾವಲಿ ಮತ್ತು ಒರಲೆಯದೇ ವಾಸ.

ಊರಿನ ಕೆಲವರು ಸೇರಿ, ಹಾಸಿಗೆ ಹಿಡಿದವರಿಗೆ ಉಪಶಮನ ಚಿಕಿತ್ಸೆ (ನೋವು, ಸಂಕಟ ಕಡಿಮೆ ಮಾಡುವ ಆರೈಕೆ), ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರಾದ ಮಕ್ಕಳಿಗೆ ಫಿಸಿಯೋಥೆರಪಿ ಮತ್ತು ವೃದ್ಧರಿಗೆ ಆಯುರ್ವೇದದ ಎಣ್ಣೆ ಚಿಕಿತ್ಸೆ ಒದಗಿಸುವ ಒಂದು ಕೇಂದ್ರವನ್ನು ಈ ಮನೆಯಲ್ಲಿ ನಡೆಸಲು ಮುಂದೆ ಬಂದಿದ್ದಾರೆ. ಕುಟುಂಬದ ಹಿರಿಯರಿಗೂ ಇದು ಒಪ್ಪಿಗೆ. ಆದರೆ ಅಂದಾಜುಪಟ್ಟಿ ತಯಾರಿಸಿಕೊಟ್ಟ ಎಂಜಿನಿಯರರು ಎಲ್ಲ ಹೊಸ್ತಿಲುಗಳನ್ನು ಕತ್ತರಿಸಿ ತೆಗೆಯುವುದು, ಸುಣ್ಣದ ಗಾರೆಯನ್ನು ಕೆತ್ತಿ ಸಿಮೆಂಟ್ ಮೆತ್ತಿ ಆಳೆತ್ತರದವರೆಗೆ ಟೈಲ್ಸ್ ಅಂಟಿಸುವುದು, ಪ್ರತಿ ಕೋಣೆಗೂ ಶೌಚಾಲಯ ಜೋಡಿಸುವುದು, ಒಳ ಅಂಗಳಕ್ಕೆ ಪಾರದರ್ಶಕ ಶೀಟಿನ ಮಾಡು ಹೊದಿಸುವುದು ಹಾಗೂ ಉಪ್ಪರಿಗೆಯಲ್ಲಿ ಹತ್ತು ಹಾಸಿಗೆಗಳ ವಾರ್ಡು ಮಾಡುವುದು ಎಂದು ಬರೆದಿದ್ದಾರೆ. ಅದನ್ನು ಓದಿದ ನಮ್ಮ ದೊಡ್ಡಮ್ಮ, “ಇಷ್ಟೆಲ್ಲ ಮಾಡುವುದಾದರೆ ಪಕ್ಕದ ಗುಡ್ಡೆಯಲ್ಲಿ ಹೊಸತೇ ಕಟ್ಟಬಹುದಲ್ಲ, ಈ ಮನೆ ಯಾಕೆ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಚಿಕಿತ್ಸೆಯ ಅಗತ್ಯಗಳನ್ನೂ ಸಂರಕ್ಷಣೆಯ ನಿಯಮಗಳನ್ನೂ ಒಟ್ಟಿಗೆ ಪಾಲಿಸುವುದು ಸಾಧ್ಯವೇ? ಸಾಧ್ಯವಾದರೆ ಮೊದಲು ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು?

ಉತ್ತರ 1: ಮುರಕಲ್ಲು

ನಾನು ಹಳೆಯ ಕಟ್ಟಡಗಳ ದುರಸ್ತಿಯ ಕೆಲಸದಲ್ಲಿ ಇರುವವನು. ನಿಮ್ಮ ದೊಡ್ಡಮ್ಮನವರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಎಂಜಿನಿಯರರು ಆಸ್ಪತ್ರೆಯ ಒಂದು ಸಿದ್ಧ ನಕ್ಷೆಯನ್ನು ಕೈಯಲ್ಲಿ ಹಿಡಿದುಕೊಂಡು ಮನೆಯನ್ನು ಅದಕ್ಕೆ ತಕ್ಕಂತೆ ಕತ್ತರಿಸಲು ಹೊರಟಿದ್ದಾರೆ. ಕೆಲಸ ಹಿಂದುಮುಂದಾಗಿದೆ. ಈ ಮನೆಯ ಯಾವ ಕೋಣೆ ಯಾವ ಚಿಕಿತ್ಸೆಯನ್ನು ತಾಳಿಕೊಳ್ಳುತ್ತದೆ ಎಂದು ಮೊದಲು ನೋಡಿ, ತಾಳಿಕೊಳ್ಳದ್ದನ್ನೆಲ್ಲ ಹೊರಗೆ ಕಟ್ಟಬೇಕು.

ಕಾನೂನಿನ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಬೇಕಲ ಕೋಟೆಯಂತಹ ಕೇಂದ್ರ ಸಂರಕ್ಷಿತ ಸ್ಮಾರಕಗಳಿಗೆ 1958ರ ಕಾಯಿದೆಯೂ, ಸುತ್ತಲಿನ 100 ಮೀಟರು ನಿಷೇಧಿತ ಮತ್ತು ಅದರಾಚೆಯ 200 ಮೀಟರು ನಿಯಂತ್ರಿತ ಎನ್ನುವ 2010ರ ತಿದ್ದುಪಡಿಯೂ ಅನ್ವಯಿಸುತ್ತವೆ. ನಿಮ್ಮದು ರಾಜ್ಯ ಸಂರಕ್ಷಿತ ಕಟ್ಟಡವಾದ್ದರಿಂದ 1968ರ ಕೇರಳ ಕಾಯಿದೆಯ ಅಡಿಯಲ್ಲಿ ಬರುತ್ತದೆ. ಪುರಾತತ್ವ ಇಲಾಖೆಯ ಲಿಖಿತ ಅನುಮತಿ ಕೈಗೆ ಬರುವ ಮೊದಲು ಒಂದು ಮೊಳೆಯನ್ನೂ ಹೊಡೆಯಬೇಡಿ. ಅಧಿಸೂಚನೆಯಲ್ಲಿ ಯಾವ ಸರ್ವೆ ನಂಬರು, ಎಷ್ಟು ಜಾಗ ಎಂದು ಬರೆದಿದೆಯೋ ಅದನ್ನು ಮೊದಲು ಓದಿ. ಹಟ್ಟಿ (ದನದ ಕೊಟ್ಟಿಗೆ), ಬಚ್ಚಲು ಕೊಟ್ಟಿಗೆ, ಪಡಿಪ್ಪುರೆ (ಹೆಬ್ಬಾಗಿಲ ಕಟ್ಟಡ) ಇವು ಸಂರಕ್ಷಿತ ಗಡಿಯ ಒಳಗಿವೆಯೋ ಹೊರಗಿವೆಯೋ ಎನ್ನುವುದರ ಮೇಲೆ ನಿಮ್ಮ ಇಡೀ ಯೋಜನೆ ನಿಂತಿದೆ.

ಈಗ ಗೋಡೆಯ ಮಾತು. ಅಂದಾಜುಪಟ್ಟಿಯಲ್ಲಿ ನನಗೆ ಅತ್ಯಂತ ಅಪಾಯಕಾರಿಯಾಗಿ ಕಂಡದ್ದು ಹೊಸ್ತಿಲು ತೆಗೆಯುವುದಲ್ಲ, ಸಿಮೆಂಟ್ ಮೆತ್ತುವುದು. ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕನನ್ ಮಲಬಾರಿನ ಅಂಗಾಡಿಪ್ಪುರದಲ್ಲಿ ನೋಡಿ, 1807ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ‘ಲ್ಯಾಟರೈಟ್’ ಎಂದು ಹೆಸರಿಟ್ಟ ಕಲ್ಲು ಈ ಮುರಕಲ್ಲೇ. ನೆಲದಿಂದ ಕಡಿಯುವಾಗ ಕತ್ತಿಗೆ ಸಿಗುವಷ್ಟು ಮೆದುವಾಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಆದರೆ ಒಳಗೆಲ್ಲ ರಂಧ್ರಮಯ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ನಮ್ಮ ನೆಲದಲ್ಲಿ ಈ ಗೋಡೆ ಪಂಚಾಂಗದಿಂದ (ಅಡಿಗಟ್ಟಿನಿಂದ) ನೀರು ಹೀರುತ್ತದೆ. ಹೀರಿದ ನೀರು ಸುಣ್ಣದ ಗಾರೆಯ ಮೂಲಕ ಆವಿಯಾಗಿ ಹೊರಹೋಗುವುದರಿಂದಲೇ ಮನೆ ಇಷ್ಟು ಕಾಲ ನಿಂತಿದೆ. ಅದರ ಮೇಲೆ ಸಿಮೆಂಟೂ ಟೈಲ್ಸೂ ಕೂತರೆ ನೀರಿಗೆ ಹೊರಬರುವ ದಾರಿ ಮುಚ್ಚುತ್ತದೆ. ಅದು ಗೋಡೆಯೊಳಗೇ ಮೇಲಕ್ಕೇರಿ ದಾರಂದದ (ಬಾಗಿಲ ಚೌಕಟ್ಟಿನ) ಮತ್ತು ತೊಲೆಯ ತುದಿಗಳನ್ನು ಕುಂಬು ಹಿಡಿಸುತ್ತದೆ, ಟೈಲ್ಸಿನ ಹಿಂದೆ ಬೂಷ್ಟು ಬೆಳೆಯುತ್ತದೆ. ಆಸ್ಪತ್ರೆಯ ಶುಚಿತ್ವಕ್ಕೆಂದು ಮಾಡಿದ ಕೆಲಸವೇ ಶುಚಿತ್ವವನ್ನು ಕೆಡಿಸುತ್ತದೆ. ನೀರು ಬಳಸಿ ತೊಳೆಯಲೇಬೇಕಾದ ಜಾಗಗಳಲ್ಲಿ ಗೋಡೆಗೆ ಅಂಟಿಸದೆ, ಒಂದಿಷ್ಟು ಅಂತರ ಬಿಟ್ಟು, ತನ್ನದೇ ಚೌಕಟ್ಟಿನ ಮೇಲೆ ನಿಲ್ಲುವ ಹಲಗೆ ಹಾಕಿ, ಹಿಂದೆ ಗಾಳಿಯಾಡಲು ಮೇಲೂ ಕೆಳಗೂ ಸಂದು ಬಿಡಿ. ಉಳಿದ ಕಡೆ ವರ್ಷಕ್ಕೊಮ್ಮೆ ಸುಣ್ಣ ಬಳಿದರೆ ಸಾಕು.

ಜಗಲಿಗೆ ಗಾಲಿಕುರ್ಚಿ ಏರಬೇಕೆಂದರೆ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ನಿಮ್ಮ ಜಗಲಿ 75 ಸೆಂಟಿಮೀಟರ್ ಎತ್ತರವಿದ್ದರೆ 9 ಮೀಟರ್ ಉದ್ದದ ಇಳಿಜಾರು ಬೇಕು. ಎದುರಿನ ಮೆಟ್ಟಿಲುಗಳ ಮೇಲೆ ಅದನ್ನು ಚಾಚಿದರೆ ಮನೆಯ ಮುಖವೇ ಹೋಯಿತು. ಪಕ್ಕದ ಗೋಡೆಗೆ ಸಮಾನಾಂತರವಾಗಿ, ಆದರೆ ಪಂಚಾಂಗಕ್ಕೆ ತಾಗದಂತೆ, ಮರಳಿನ ಹಾಸಿನ ಮೇಲೆ ಮುರಕಲ್ಲು ಜೋಡಿಸಿ ಮಾಡಿದರೆ ನಾಳೆ ಬೇಡವೆಂದಾಗ ಎರಡು ದಿನದಲ್ಲಿ ತೆಗೆಯಬಹುದು. ಹೊಸ್ತಿಲಿಗೂ ಇದೇ ಕ್ರಮ: ಎರಡೂ ಬದಿಗೆ ಮರದ ಇಳಿಜಾರು ಹಲಗೆಗಳನ್ನು ಆಚಾರಿಯಿಂದ ಮಾಡಿಸಿ, ಮೊಳೆ ಹೊಡೆಯದೆ ಇಡಿ. ಹೊಸ್ತಿಲು ದಾರಂದದ ನಾಲ್ಕನೆಯ ಭುಜ. ಅದನ್ನು ಕತ್ತರಿಸಿದರೆ ಕೆತ್ತನೆಯ ಚೌಕಟ್ಟು ಕಾಲಕ್ರಮೇಣ ಬಾಯಿ ಬಿಡುತ್ತದೆ, ಶಾಸ್ತ್ರದ ಮಾತು ಹಾಗಿರಲಿ. ಬಾಗಿಲಿನ ಅಗಲ 75 ಸೆಂಟಿಮೀಟರ್ ಇದ್ದರೆ ಕುರ್ಚಿ ನೇರವಾಗಿ ದಾಟುತ್ತದೆ, ತಿರುಗಲಾರದು. ಪೂರ್ತಿ ತಿರುಗಲು ಒಂದೂವರೆ ಮೀಟರ್ ವ್ಯಾಸದ ಖಾಲಿ ಜಾಗ ಬೇಕು. ಆದುದರಿಂದ ಕುರ್ಚಿಯಲ್ಲಿ ಬರುವವರ ಚಿಕಿತ್ಸೆ ಚಾವಡಿ ಮತ್ತು ಜಗಲಿಯಲ್ಲೇ ನಡೆಯಲಿ, ಒಳಕೋಣೆಗಳಿಗೆ ಎಳೆಯಬೇಡಿ.

ಉಪ್ಪರಿಗೆಯಲ್ಲಿ ವಾರ್ಡು ಎಂಬುದನ್ನು ಇಂದೇ ಹೊಡೆದುಹಾಕಿ. ಭಾರದ ಲೆಕ್ಕ ನೋಡಿದರೆ, ಭಾರತೀಯ ಮಾನಕದಲ್ಲಿ ವಾಸದ ಕೋಣೆಗೂ ಆಸ್ಪತ್ರೆಯ ವಾರ್ಡಿಗೂ ಚದರ ಮೀಟರಿಗೆ 2 ಕಿಲೋನ್ಯೂಟನ್ (ಸುಮಾರು 200 ಕಿಲೋ ಭಾರ) ಎಂದೇ ಇದೆ, ಓಡಾಟದ ಹಾದಿಗಳಿಗೆ ಮಾತ್ರ 4. ಸಮಸ್ಯೆ ಇರುವುದು ಕಡಿದಾದ ಮರದ ಏಣಿಯಲ್ಲಿ. ಬೆಂಕಿ ಹತ್ತಿದರೆ ಹಾಸಿಗೆ ಹಿಡಿದವರನ್ನು ಅದರಲ್ಲಿ ಇಳಿಸುವವರು ಯಾರು?

ಸ್ಮಾರಕಗಳ ಸಂರಕ್ಷಣೆಯ ಕುರಿತಾದ 1964ರ ಅಂತರರಾಷ್ಟ್ರೀಯ ವೆನಿಸ್ ಸನ್ನದಿನ ಐದನೆಯ ವಿಧಿಯು ಸ್ಮಾರಕವನ್ನು ಸಮಾಜಕ್ಕೆ ಉಪಯುಕ್ತವಾಗಿ ಬಳಸುವುದು ಒಳ್ಳೆಯದೇ, ಆದರೆ ಆ ಬಳಕೆ ಕಟ್ಟಡದ ವಿನ್ಯಾಸವನ್ನಾಗಲಿ ಅಲಂಕರಣವನ್ನಾಗಲಿ ಬದಲಿಸಬಾರದು ಎನ್ನುತ್ತದೆ. ಲಂಡನ್ನಿನ ರೋಹ್ಯಾಂಪ್ಟನ್ನಿನಲ್ಲಿರುವ ಪ್ರಯರಿ 1811ರಲ್ಲಿ ಖಾಸಗಿ ವಾಸಕ್ಕೆಂದು ಕಟ್ಟಿದ ಮನೆ. 1872ರಲ್ಲಿ ಮಾನಸಿಕ ಚಿಕಿತ್ಸಾಲಯವಾಗಿ, ಇಂದಿಗೂ ಹಾಗೆಯೇ ನಡೆಯುತ್ತಿದೆ. ನಮ್ಮ ರಾಜ್ಯದಲ್ಲೇ ಪಾಲಕ್ಕಾಡಿನ ಕೊಲ್ಲಂಗೋಡಿನಲ್ಲಿ ಒಂದು ಹಳೆಯ ಕೋವಿಲಕಂ (ಅರಮನೆ) ಆಯುರ್ವೇದ ಚಿಕಿತ್ಸಾಲಯವಾಗಿದೆ. ಎರಡರಲ್ಲೂ ಮಾತು, ವಿಶ್ರಾಂತಿ, ಎಣ್ಣೆ, ಪಥ್ಯಗಳಿಂದ ನಡೆಯುವ ಚಿಕಿತ್ಸೆಗೆ ಪ್ರಾಧಾನ್ಯ. ಅಂತಹ ಚಿಕಿತ್ಸೆಗೆ ಬೇಕಾದ ಕೋಣೆಗಳು ಮನೆಗಳಲ್ಲಿ ಮೊದಲೇ ಇರುತ್ತವೆ. ನೀವು ಯೋಚಿಸಿರುವುದೂ ಅಂಥದ್ದೇ ಆದ್ದರಿಂದ ನನಗೆ ಆಸೆಯಿದೆ.

ಉತ್ತರ 2: ಊರೂರು ತಿರುಗುವ ದಾದಿ

ಮುರಕಲ್ಲು ಅಣ್ಣನವರು ಬರೆದದ್ದರಲ್ಲಿ ಬಹುಪಾಲನ್ನು ಒಪ್ಪುತ್ತೇನೆ. ಆದರೆ ರೋಗಿಯ ಕಡೆಯಿಂದ ನೋಡಿದರೆ ಗೋಡೆಗಿಂತ ಮೊದಲು ಕಾಣುವುದು ಶೌಚಾಲಯ, ಮತ್ತು ಅದರ ಬಗ್ಗೆ ಅವರು ಒಂದು ಸಾಲನ್ನೂ ಬರೆದಿಲ್ಲ. ಗಂಡಸರು ಯೋಜಿಸಿದ ಕೇಂದ್ರಗಳಲ್ಲಿ ಇದು ಮಾಮೂಲು ಎಂದರೆ ಯಾರೂ ಬೇಸರಿಸಬಾರದು.

ಹಳೆಯ ಮನೆಗಳಲ್ಲಿ ಬಚ್ಚಲನ್ನು ಮುಖ್ಯ ಕಟ್ಟಡದಿಂದ ಬೇರೆಯಾಗಿಯೇ ಕಟ್ಟುತ್ತಿದ್ದರು. ನೀರನ್ನು ಮರ ಮತ್ತು ಕಲ್ಲಿನಿಂದ ದೂರವಿಡುವುದಕ್ಕೆ ಅದು ಜಾಣ ಉಪಾಯವೇ. ಆದ್ದರಿಂದ ಕೋಣೆಗೊಂದು ಶೌಚಾಲಯ ಜೋಡಿಸುವುದು ತಪ್ಪು ಎನ್ನುವುದರಲ್ಲಿ ನನಗೂ ಅನುಮಾನವಿಲ್ಲ. ಆದರೆ ಮೂತ್ರದ ನಳಿಗೆ ಹಾಕಿಕೊಂಡ ಅಜ್ಜಿಯನ್ನು ಆಟಿ ತಿಂಗಳ ಮಳೆಯಲ್ಲಿ ಅಂಗಳ ದಾಟಿಸಿ ಕರೆದೊಯ್ಯಲು ಆಗುವುದಿಲ್ಲ. ಹಟ್ಟಿ ಇದ್ದ ಜಾಗದಲ್ಲಿ ಶೌಚ ಮತ್ತು ಸ್ನಾನದ ಹೊಸ ಕಟ್ಟಡ ಕಟ್ಟಿ, ಅಲ್ಲಿಂದ ಜಗಲಿಯ ತುದಿಯವರೆಗೆ, ಜಗಲಿಯದೇ ಮಟ್ಟದಲ್ಲಿ, ಮೇಲೆ ಹಂಚು ಹೊದಿಸಿದ, ಎರಡೂ ಬದಿಗೆ ಕೈಹಿಡಿಯಿರುವ ಹಾದಿ ಮಾಡಿ. ಹೆಚ್ಚೆಂದರೆ ಇಪ್ಪತ್ತು ಹೆಜ್ಜೆ ಇರಲಿ. ಅದಕ್ಕಿಂತ ದೂರವಾದರೆ ರೋಗಿಗಳು ಶೌಚಕ್ಕೆ ಹೋಗುವುದನ್ನು ತಪ್ಪಿಸಲೆಂದೇ ನೀರು ಕುಡಿಯುವುದನ್ನು ಬಿಡುತ್ತಾರೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಗಾಳಿಯ ವಿಷಯದಲ್ಲಿ ಹಳೆಯ ಮನೆಗಳ ಬಗ್ಗೆ ಎಲ್ಲರಿಗೂ ಒಂದು ಹೆಮ್ಮೆಯಿದೆ, ಅದು ಅರ್ಧ ಸತ್ಯ. ಪೆರುವಿನ ಲಿಮಾ ನಗರದ ಎಂಟು ಆಸ್ಪತ್ರೆಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎತ್ತರದ ಮಾಡು ಮತ್ತು ದೊಡ್ಡ ಕಿಟಕಿಗಳ ಹಳೆಯ ಕೋಣೆಗಳಲ್ಲಿ ಗಂಟೆಗೆ 40 ಸಲ ಗಾಳಿ ಬದಲಾಗುತ್ತಿತ್ತು, ಹೊಸ ಕೋಣೆಗಳಲ್ಲಿ 17 ಸಲ ಮಾತ್ರ. ಆದರೆ ಎತ್ತರದ ಮಾಡು, ದೊಡ್ಡ ಕಿಟಕಿ ನಮ್ಮಲ್ಲಿ ಬ್ರಿಟಿಷರ ಕಾಲದ ಬಂಗಲೆಗಳಲ್ಲಿವೆ, ಗುತ್ತಿನ ಮನೆಯ ನಡುಕೋಣೆಗಳಲ್ಲಿ ಇಲ್ಲ. ಭತ್ತ, ಒಡವೆ, ಬಾಣಂತಿಯರನ್ನು ಕಾಪಾಡಲೆಂದು ಕಟ್ಟಿದ ಆ ಕೋಣೆಗಳು ಕತ್ತಲೆ, ಮುಚ್ಚಿಗೆ ತಲೆಗೆ ತಾಗುವಷ್ಟು ತಗ್ಗು, ಕಿಟಕಿ ಅಂಗೈ ಅಗಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸಾಮಾನ್ಯ ವಾರ್ಡು ಮತ್ತು ಹೊರರೋಗಿ ವಿಭಾಗಗಳಿಗೆ ರೋಗಿಯೊಬ್ಬರಿಗೆ ಸೆಕೆಂಡಿಗೆ 60 ಲೀಟರ್ ಗಾಳಿ ಬೇಕೆಂದು ಹೇಳಿತು. ಜಗಲಿಯಲ್ಲಿ ಅದು ಬೀಸಣಿಗೆಯಿಲ್ಲದೆ ಸಿಗುತ್ತದೆ, ನಡುಕೋಣೆಯಲ್ಲಿ ಸಿಗುವುದಿಲ್ಲ. ಕೆಮ್ಮುವವರನ್ನು ಒಳಗೆ ಕೂರಿಸಲೇಬೇಡಿ. ಒಳ ಅಂಗಳಕ್ಕೆ ಶೀಟು ಹೊದಿಸಿದರೆ ಬಿಸಿಗಾಳಿ ಮೇಲೇರಿ ಹೋಗುವ ಏಕೈಕ ದಾರಿಯೂ ಮುಚ್ಚುತ್ತದೆ. ಅದರ ಬದಲು ಅಂಗಳದ ನೀರು ಹೋಗುವ ತೂಬನ್ನು ಸರಿಪಡಿಸಿ, ಸೊಳ್ಳೆ ಪರದೆ ಹಾಕಿ, ಸುತ್ತಲಿನ ಮೊಗಸಾಲೆಗೆ ಜಾರದ ಹಾಸು ಹಾಸಿ. ಕಾವಿ ನೆಲ ಒರಸಲು ಬಹಳ ಒಳ್ಳೆಯದು, ಸಂದುಗಳೇ ಇಲ್ಲ, ಆದರೆ ಎಣ್ಣೆ ಅಥವಾ ನೀರು ಬಿದ್ದರೆ ಮುದುಕರ ಸೊಂಟ ಮುರಿಯುತ್ತದೆ.

ಎಣ್ಣೆ ಚಿಕಿತ್ಸೆಯನ್ನು ಚಾವಡಿಯ ಹತ್ತಿರ ಇಡಬೇಡಿ. ಕಷಾಯದ ಹಬೆಯೂ ಎಣ್ಣೆಯ ಜಿಡ್ಡೂ ಮುಚ್ಚಿಗೆಗೆ ಏರುತ್ತವೆ. ಹೊಗೆ ಮತ್ತು ಜಿಡ್ಡನ್ನು ತಲೆಮಾರುಗಳಿಂದ ಉಂಡ ಅಡುಗೆಮನೆಯ ಭಾಗವೇ ಅದಕ್ಕೆ ಸರಿ. ಒಲೆ, ಬಾವಿಯ ನೀರು, ಹೊರಹೋಗುವ ಬಾಗಿಲು ಎಲ್ಲ ಅಲ್ಲಿಯೇ ಇವೆ. ಸೂಜಿ, ಪಟ್ಟಿ, ನಳಿಗೆಗಳ ತ್ಯಾಜ್ಯವನ್ನು 2016ರ ನಿಯಮದಂತೆ ಹಳದಿ, ಕೆಂಪು, ಬಿಳಿ, ನೀಲಿ ಎಂದು ಬೇರ್ಪಡಿಸಬೇಕು. ಸಂಸ್ಕರಿಸದೆ 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ತ್ಯಾಜ್ಯ ಒಯ್ಯುವ ವಾಹನ ಪಡಿಪ್ಪುರೆಯ ಒಳಗೆ ಬರಲಾರದು, ಆದ್ದರಿಂದ ಸಂಗ್ರಹದ ಕೋಣೆ ರಸ್ತೆಯ ಬದಿಯಲ್ಲಿರಲಿ.

ಇನ್ನೊಂದು ಮಾತು ಬರೆಯಲು ಹಿಂಜರಿಕೆಯಾಗುತ್ತದೆ, ಆದರೆ ಬರೆಯದಿದ್ದರೆ ನಾಳೆ ಜಗಳವಾಗುತ್ತದೆ. ಉಪಶಮನ ಕೇಂದ್ರದಲ್ಲಿ ಹಾಸಿಗೆಗಳಿದ್ದರೆ ಸಾವುಗಳೂ ಆಗುತ್ತವೆ. ದೈವದ ಕೋಣೆಯ ಪಕ್ಕದಲ್ಲಿ ಸಾವಾದರೆ, ತಂಬಿಲದ ವಾರವೇ ಹಾಗಾದರೆ, ಕುಟುಂಬದವರು ಏನು ಹೇಳುತ್ತಾರೆ? ಇದನ್ನು ಈಗಲೇ ಕೂತು ಮಾತಾಡಿ. ನನ್ನ ಅಭಿಪ್ರಾಯದಲ್ಲಿ ನಿಮಗೆ ಹಾಸಿಗೆಗಳೇ ಬೇಡ. 2008ರಲ್ಲಿ ಕೇರಳ ಸರಕಾರ ಉಪಶಮನ ನೀತಿಯನ್ನು ಪ್ರಕಟಿಸಿದಾಗಲೂ ಒತ್ತು ಇದ್ದದ್ದು ಮನೆಮನೆಗೆ ಹೋಗಿ ಆರೈಕೆ ಮಾಡುವುದರ ಮೇಲೆ. ನೋವಿನಲ್ಲಿರುವವರು ತಮ್ಮ ಮನೆಯಲ್ಲೇ ಇರಲು ಬಯಸುತ್ತಾರೆ, ನಾವು ಅವರಲ್ಲಿಗೆ ಹೋಗುತ್ತೇವೆ. ನಿಮ್ಮ ಮನೆ ನಮಗೆ ಔಷಧ ಇಡಲು, ವಾಟರ್ ಬೆಡ್ಡು, ಆಮ್ಲಜನಕದ ಯಂತ್ರ, ಗಾಲಿಕುರ್ಚಿಗಳನ್ನು ಎರವಲು ಕೊಡಲು, ಮನೆಯವರಿಗೆ ಹುಣ್ಣು ತೊಳೆಯುವುದನ್ನು ಕಲಿಸಲು, ಮಕ್ಕಳಿಗೆ ಹಗಲು ಹೊತ್ತಿನ ವ್ಯಾಯಾಮಕ್ಕೆ ಆಗಿಬರುತ್ತದೆ.

ಪ್ರಶ್ನಿಸಿದವರ ಮರುನುಡಿ: ಕುಂಬಳೆ ಸೀಮೆಯವ

ಇಬ್ಬರಿಗೂ ಕೃತಜ್ಞತೆಗಳು. ಅಕ್ಕನ ಉತ್ತರವನ್ನು ದೊಡ್ಡಮ್ಮನಿಗೆ ಓದಿ ಹೇಳಿದೆ. ಸಾವಿನ ವಿಷಯವನ್ನು ನಾವು ಯಾರೂ ಬಾಯಿಬಿಟ್ಟು ಆಡಿರಲಿಲ್ಲ, ಆದರೆ ಎಲ್ಲರ ಮನಸ್ಸಿನಲ್ಲೂ ಅದು ಇತ್ತು ಎಂದು ಈಗ ತಿಳಿಯಿತು. ಹಗಲಿನ ಕೇಂದ್ರವಾದರೆ ಸಾಕು ಎಂಬಲ್ಲಿಗೆ ಕುಟುಂಬ ಬಂದಿದೆ. ಅಧಿಸೂಚನೆಯನ್ನು ಹುಡುಕಿ ತೆಗೆದೆವು: ಹಟ್ಟಿ ಇರುವುದು ಬೇರೆ ಸರ್ವೆ ನಂಬರಿನಲ್ಲಿ.

ಉಳಿದಿರುವ ಸಂಶಯಗಳು ಎರಡು. ವಿದ್ಯುತ್ ಮತ್ತು ನೀರಿನ ಕೊಳವೆಗಳನ್ನು ಎಲ್ಲಿಂದ ಒಯ್ಯುವುದು, ಮತ್ತು ಉಪ್ಪರಿಗೆಯನ್ನು ಯಾವುದಕ್ಕೆ ಬಳಸುವುದು? ಕಡತಗಳನ್ನು ಇಡಬಹುದೇ? ಅಂದ ಹಾಗೆ ನಮ್ಮ ಹಂಚುಗಳಲ್ಲಿ 1865 ಎಂಬ ಅಚ್ಚು ಇದೆ, ಅರ್ಜಿಯಲ್ಲಿ ಮನೆಯ ವಯಸ್ಸನ್ನು ಹಾಗೆಯೇ ಬರೆಯಬಹುದಲ್ಲವೇ?

ಉತ್ತರ 3: ಮುರಕಲ್ಲು

ಅಕ್ಕನವರ ಆಕ್ಷೇಪ ನ್ಯಾಯವಾದದ್ದು, ಶೌಚಾಲಯವನ್ನು ಮರೆತದ್ದು ನನ್ನ ತಪ್ಪೇ. ಹಟ್ಟಿ ಗಡಿಯ ಹೊರಗಿದೆ ಎನ್ನುವುದು ದೊಡ್ಡ ಅನುಕೂಲ. ಆದರೂ ಹೊಸ ಕಟ್ಟಡದ ನಕ್ಷೆಯನ್ನು ಇಲಾಖೆಗೆ ತೋರಿಸಿಯೇ ಕಟ್ಟಿ, ಏಕೆಂದರೆ ಹಾದಿಯ ಒಂದು ತುದಿ ಜಗಲಿಗೆ ಬಂದು ನಿಲ್ಲುತ್ತದೆ. ಆ ಹಾದಿಯ ಕಂಬಗಳು ತಮ್ಮದೇ ಅಡಿಪಾಯದ ಮೇಲೆ ನಿಲ್ಲಬೇಕು, ಹಳೆಯ ಮಾಡಿನ ಪಕ್ಕಾಸಿಗೆ ಹೊಸ ಮಾಡನ್ನು ಕಟ್ಟಬೇಡಿ.

ಹಂಚಿನ ಅಚ್ಚಿನಿಂದ ಮೋಸಹೋಗಬೇಡಿ. 1865 ಎನ್ನುವುದು ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆ ಆರಂಭವಾದ ವರ್ಷ. ಆ ಹಂಚು ಅನಂತರ ಯಾವಾಗ ಬೇಕಾದರೂ ಸುಟ್ಟದ್ದಿರಬಹುದು. ಮುಳಿಹುಲ್ಲಿನ ಮಾಡನ್ನು ತೆಗೆದು ಮುಂದೆ ಹಂಚು ಹೊದಿಸಿದ ಮನೆಗಳು ನಮ್ಮಲ್ಲಿ ಹೇರಳವಾಗಿರುವುದರಿಂದ ಗೋಡೆಗಳು ಹಂಚಿಗಿಂತ ಹಳೆಯವೂ ಇರಬಹುದು. ಅರ್ಜಿಯಲ್ಲಿ ಅಧಿಸೂಚನೆಯಲ್ಲಿರುವ ವಿವರವನ್ನು ಮಾತ್ರ ಬರೆಯಿರಿ.

ವಿದ್ಯುತ್ ತಂತಿಗಾಗಿ ಮುರಕಲ್ಲಿನ ಗೋಡೆಯನ್ನು ಕೊರೆಯುವುದು ಬೇಡ. ತಂತಿಯನ್ನು ಕೊಳವೆಯೊಳಗೆ ಹಾಕಿ, ಗೋಡೆ ಮತ್ತು ಮುಚ್ಚಿಗೆ ಸೇರುವ ಮೂಲೆಯಲ್ಲಿ ಹೊರಗೇ ಒಯ್ಯಿರಿ. ಕಾಣುತ್ತದೆ, ಕಾಣಲಿ. ಬಚ್ಚಿಟ್ಟ ತಂತಿ ಒಣಮರದ ಮನೆಯಲ್ಲಿ ಬಿಸಿಯಾದರೆ ಯಾರಿಗೂ ತಿಳಿಯುವುದಿಲ್ಲ. ಹಳೆಯ ತಂತಿಯನ್ನು ಪೂರ್ತಿ ತೆಗೆಸಿ, ಪ್ರತಿ ಭಾಗಕ್ಕೂ ಬೇರೆ ಬೇರೆ ಎಂಸಿಬಿ (ಹೊರೆ ಹೆಚ್ಚಾದಾಗ ವಿದ್ಯುತ್ತನ್ನು ತಾನೇ ಕಡಿಯುವ ಸ್ವಿಚ್ಚು) ಮತ್ತು ವಿದ್ಯುತ್ ಸೋರುವಿಕೆಯನ್ನು ಹಿಡಿಯುವ ಸ್ವಿಚ್ಚು ಹಾಕಿಸಿ. ನೀರಿನ ಕೊಳವೆ ಮನೆಯ ಹೊರಮೈಯಲ್ಲೇ ಇರಲಿ. ಕೈತೊಳೆಯುವ ತೊಟ್ಟಿಗಳನ್ನು ಜಗಲಿಯ ಅಂಚಿನಲ್ಲಿ, ಸ್ವಂತ ಕಾಲಿನ ಮೇಲೆ ನಿಲ್ಲಿಸಿ. ಹಿಂದೆ ಕಾಲುತೊಳೆಯುವ ಚೆಂಬು ಇಡುತ್ತಿದ್ದ ಜಾಗವೂ ಅದೇ ಅಲ್ಲವೇ. ಟ್ಯಾಂಕಿಯನ್ನು ಮಾಡಿನ ಮೇಲಾಗಲಿ ಉಪ್ಪರಿಗೆಯಲ್ಲಾಗಲಿ ಇಡುವ ಯೋಚನೆಯಿದ್ದರೆ ಬಿಟ್ಟುಬಿಡಿ: ಸಾವಿರ ಲೀಟರ್ ನೀರೆಂದರೆ ಒಂದು ಟನ್ ಭಾರ, ಜೊತೆಗೆ ಸೋರುವ ಭಯ. ಆಮ್ಲಜನಕದ ಸಿಲಿಂಡರುಗಳು ಹೊರಗಿನ ಕೊಟ್ಟಿಗೆಯಲ್ಲಿ, ಅಡುಗೆಯ ಒಲೆಯಿಂದ ದೂರವಿರಲಿ.

ಕಡತಗಳನ್ನು ಉಪ್ಪರಿಗೆಯಲ್ಲಿ ಇಡಬೇಡಿ. ಕಾಗದದ ರಾಶಿ ಮನುಷ್ಯರಿಗಿಂತ ಬಹಳ ಭಾರ, ಮತ್ತು ಒರಲೆಗೆ ಅದೇ ಮೃಷ್ಟಾನ್ನ. ಅಲ್ಲಿ ವೈದ್ಯರು ಮತ್ತು ಸ್ವಯಂಸೇವಕರು ಕೂತು ಮಾತಾಡಲು ಒಂದು ಮೇಜು, ಕೆಲವು ಕುರ್ಚಿಗಳು ಸಾಕು. ಔಷಧದ ಕೋಣೆಗೆ ಮಾತ್ರ ನಿಮ್ಮ ನಡುಕೋಣೆಗಳಲ್ಲಿ ಒಂದು ಹೇಳಿಮಾಡಿಸಿದಂತಿದೆ. ಅಕ್ಕನವರು ದೂರಿದ ಕತ್ತಲೆ ಮತ್ತು ಅಂಗೈ ಅಗಲದ ಕಿಟಕಿಗಳೇ ಅಲ್ಲಿ ಗುಣಗಳಾಗುತ್ತವೆ, ಏಕೆಂದರೆ ನೋವಿನ ಮಾರ್ಫಿನ್ ಮಾತ್ರೆಗಳಿಗೆ ಬೀಗದ ಭದ್ರತೆಯೂ ಲೆಕ್ಕಪುಸ್ತಕವೂ ಬೇಕು. ತೇವ ಇದೆಯೇ ಎಂದು ಒಂದು ಮಳೆಗಾಲ ನೋಡಿಯೇ ಕಪಾಟು ಇಡಿ.

ಉತ್ತರ 4: ಚಂದ್ರಗಿರಿಯ ಆಚೆ

ಒಂದೆರಡು ವಿಷಯ ಸೇರಿಸುತ್ತೇನೆ. ಹಾಸಿಗೆಗಳಿಲ್ಲದ ಹಗಲಿನ ಕೇಂದ್ರವಾದರೂ 2018ರ ಕೇರಳ ಚಿಕಿತ್ಸಾಲಯಗಳ ನೋಂದಣಿ ಕಾಯಿದೆಯ ಅಡಿಯಲ್ಲಿ ವಿಚಾರಿಸಿಕೊಳ್ಳಿ, ಆಯುರ್ವೇದವೂ ಅದರ ವ್ಯಾಪ್ತಿಯಲ್ಲಿದೆ. ಪಂಚಾಯತಿನಲ್ಲಿ ಮನೆಯೆಂದು ದಾಖಲಾದ ಕಟ್ಟಡದ ಬಳಕೆ ಬದಲಾಗುವುದರಿಂದ 2019ರ ಪಂಚಾಯತ್ ಕಟ್ಟಡ ನಿಯಮಗಳ ಪ್ರಕಾರ ಅಲ್ಲಿಯೂ ಅರ್ಜಿ ಹೋಗಬೇಕು. ಪುರಾತತ್ವ ಇಲಾಖೆಯ ಒಪ್ಪಿಗೆ ಪತ್ರವನ್ನು ಮೊದಲು ಪಡೆದು, ಅದರ ಪ್ರತಿಯನ್ನು ಉಳಿದ ಎರಡಕ್ಕೂ ಲಗತ್ತಿಸಿದರೆ ಓಡಾಟ ಕಡಿಮೆ.

ಸೂಚನಾ ಫಲಕಗಳನ್ನು ಗೋಡೆಗೆ ಹೊಡೆಯದೆ ನಿಲ್ಲುವ ಹಲಗೆಗಳ ಮೇಲೆ, ಕನ್ನಡ ಮತ್ತು ಮಲಯಾಳ ಎರಡರಲ್ಲೂ ಬರೆಯಿಸಿ. ತುಳು ಮಾತ್ರ ಬಲ್ಲ ಅಜ್ಜಿಯರಿಗೆ ಬಾಣದ ಗುರುತೇ ಸಾಕು. ಮತ್ತೆ, ಮುರಕಲ್ಲು ಅವರು ಹೇಳಿದ ಮರದ ಇಳಿಜಾರು ಹಲಗೆಗಳನ್ನು ನಮ್ಮ ಮನೆಯಲ್ಲಿ ತಂದೆಯವರ ಗಾಲಿಕುರ್ಚಿಗಾಗಿ ಮಾಡಿಸಿದ್ದೆವು. ಹಲಗೆಯ ಕೆಳಗೆ ರಬ್ಬರಿನ ತುಂಡು ಅಂಟಿಸದಿದ್ದರೆ ಕಾವಿ ನೆಲದ ಮೇಲೆ ಜಾರುತ್ತದೆ, ಮೇಲ್ಮೈಗೆ ಅಡ್ಡಗೀರು ಹಾಕಿಸದಿದ್ದರೆ ಹಿಂದಿನಿಂದ ತಳ್ಳುವವರ ಕಾಲು ಜಾರುತ್ತದೆ. ಆಚಾರಿಗೆ ಮೊದಲೇ ಹೇಳಿಬಿಡಿ.